ಮೆಟ್ಟಿಲು ಹತ್ತಲಾರದವರ ಪಟ್ಟಿ

ಬೀದಿಯವರು ಅವರನ್ನು ಕರೆಯುತ್ತಿದ್ದದ್ದು ‘ಮೇಲೆ ಹತ್ತಿ ಮೇಷ್ಟ್ರು’ ಅಂತ. ಹಾಗೆ ನೋಡಿದರೆ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೀದಿಯ ಹಿಂದೆಯೇ ಇದ್ದ ನೀರು ಶುದ್ಧ ಮಾಡುವ ಘಟಕದಲ್ಲಿ ಹದಿನೆಂಟು ವರ್ಷ ಕ್ಲೋರಿನ್ ಸಿಲಿಂಡರುಗಳನ್ನು ಜೋಡಿಸುವ, ಬಿಚ್ಚುವ ಕೆಲಸ ಮಾಡಿದವರು. ಒಂದು ದಿನ ವಾಲ್ವ್ ಸೋರಿದಾಗ ಜೊತೆಗಾರನೊಬ್ಬ ದಿಕ್ಕು ತೋಚದೆ ಕೆಳಗಿನ ಪಂಪ್ ರೂಮಿಗೆ ಓಡಿದ. ಕ್ಲೋರಿನ್ ಗಾಳಿಗಿಂತ ಭಾರ. ಅದೂ ಅವನ ಹಿಂದೆಯೇ ಮೆಟ್ಟಿಲಿಳಿಯಿತು. ಎಳೆದು ತರಲು ಹೋದ ಇವರು ಎದೆ ಕೆಡಿಸಿಕೊಂಡು ಹೊರಗೆ ಬಂದರು. ಅವನು ಉಳಿಯಲಿಲ್ಲ.

ಇನ್ನು ಭಾರದ ಕೆಲಸ ಬೇಡವೆಂದು ಆಫೀಸಿನವರು ಇವರನ್ನು ತರಬೇತಿಗೆ ಹಾಕಿದರು. ಬೆಳಿಗ್ಗೆ ಘಟಕದ ಕೆಲಸಗಾರರಿಗೆ, ಮಧ್ಯಾಹ್ನ ಸುತ್ತಲಿನ ಬೀದಿಯವರಿಗೆ. ಆರು ವರ್ಷ ಅದೇ ಮಾತು: “ಘಾಟು ಬಂತಾ, ಕೆಳಗೆ ಇಳೀಬೇಡಿ. ಮೂಗಿಗೆ ಒದ್ದೆ ಬಟ್ಟೆ, ಗಾಳಿ ಬರೋ ಕಡೆಗೆ ಓಡಿ. ಆಗ್ಲಿಲ್ವಾ, ಮೇಲೆ ಹತ್ತಿ.” ಕೆಲಸಗಾರರು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಬೀದಿಯವರು ಟೀ ಬರುವವರೆಗೆ ಕೂತು, ಟೀ ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಹೇಳಿ ಹೇಳಿ ಮೇಷ್ಟ್ರಿಗೆ ತಮ್ಮ ದನಿಯೇ ಬೇಸರವಾಗಿಹೋಗಿತ್ತು. ಇನ್ನು ಸಾಕು, ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಜೊತೆಗಿದ್ದ ಅಕ್ಕನ ಹತ್ತಿರ ಹೇಳಿಯೂ ಇದ್ದರು.

“ಬಿಡು, ಯಾರು ಹಿಡ್ಕೊಂಡಿದಾರೆ?” ಅಂದಿದ್ದಳು ಅಕ್ಕ. “ಆದ್ರೆ ಮನೇಲಿ ಕೂತು ನನಗೆ ಪಾಠ ಶುರು ಮಾಡ್ಬೇಡ ಮಾರಾಯ.”

ಹಾಗೆ ಬಿಡಬೇಕೆಂದಿದ್ದ ವಾರದಲ್ಲೇ ಒಂದು ಮಧ್ಯಾಹ್ನ, ಬೀದಿಯ ಸಭೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಎದ್ದು ನಿಂತಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

“ಮೇಷ್ಟ್ರೇ, ನಮ್ಮತ್ತೆ ಹಾಸಿಗೆ ಹಿಡಿದು ಮೂರು ವರ್ಷ ಆಯ್ತು. ನಾವಿರೋದು ನೆಲದ ಮನೆ. ಮೇಲೆ ಹತ್ತಿ ಅಂತೀರಲ್ಲ, ಅವರನ್ನ ಏನ್ ಮಾಡ್ಲಿ?”

ಮೇಷ್ಟ್ರು ಕೈಲಿದ್ದ ದಪ್ಪ ತರಬೇತಿ ಪುಸ್ತಕ ತಿರುವಿದರು. ಹಾಸಿಗೆ ಹಿಡಿದವರ ಮಾತೇ ಅದರಲ್ಲಿರಲಿಲ್ಲ. “ನೋಡಿ ಹೇಳ್ತೀನಮ್ಮ” ಎಂದು ಸಭೆ ಮುಗಿಸಿದರು. ಮನೆಗೆ ಬಂದು ಊಟಕ್ಕೆ ಕೂತರು. ಆರು ವರ್ಷ ಇಡೀ ಬೀದಿಯನ್ನು ಮೇಲೆ ಹತ್ತಿಸಿದ್ದೆ, ಹತ್ತಲಾರದವರ ಮುಖವನ್ನೇ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೆಲಸ ಬಿಡುವ ಮಾತು ಅಲ್ಲಿಗೇ ನಿಂತಿತು.

ಮರುದಿನದಿಂದ ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ಅಲೆದರು. ಸೊಂಟ ಮುರಿದುಕೊಂಡ ಗಡಿಯಾರ ರಿಪೇರಿಯವನು, ಕಣ್ಣು ಕಾಣದ ಅವಳಿ ಅಕ್ಕತಂಗಿಯರು, ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದ ನಾಲ್ಕು ತಿಂಗಳ ಬಸುರಿ. ಒಟ್ಟು ಹನ್ನೊಂದು ಜನ. ಹೊರುವವರು ಯಾರು? ಬೀದಿ ಕೊನೆಯ ಲಾರಿ ನಿಲ್ದಾಣದಲ್ಲಿ ಮೂಟೆ ಇಳಿಸುವ ಹಮಾಲರ ಹತ್ತಿರ ಹೋದರು.

ಅವರ ಮೇಸ್ತ್ರಿ ಬೀಡಿ ಆರಿಸಿ ನಕ್ಕ. “ಐವತ್ತು ಕೆಜಿ ಮೂಟೆ ಹೊರೋರಿಗೆ ಅಜ್ಜಿ ಯಾವ ಭಾರ? ಆದ್ರೆ ಮೂಟೆ ನಮ್ಮನ್ನ ಬೈಯಲ್ಲ ಮೇಷ್ಟ್ರೇ.”

ಅಭ್ಯಾಸದ ದಿನ ಅವನ ಮಾತು ನಿಜವಾಯಿತು. ಕುರ್ಚಿ ಸಮೇತ ಎತ್ತಿದ್ದಕ್ಕೆ ದರ್ಜಿಯ ಅತ್ತೆ ಕಟ್ಟಡದ ಮೂರು ಮಹಡಿ ಹತ್ತುವವರೆಗೂ ಬೈದುಕೊಂಡೇ ಹೋದರು. ಮೇಲೆ ಮುಟ್ಟಿದ ಮೇಲೆ ಮಾತ್ರ, ಎಷ್ಟು ದಿನ ಆಗಿತ್ತು ಬೀದಿ ನೋಡಿ, ಸ್ವಲ್ಪ ಹೊತ್ತು ಇಲ್ಲೇ ಬಿಡಿ ಎಂದರು. ಹಿಡಿಕೆಯಿರುವ ಕುರ್ಚಿಗಳು ಬೇಕೆಂದು ಮೇಷ್ಟ್ರು ಆಫೀಸಿಗೆ ಅರ್ಜಿ ಕೊಟ್ಟರು. ಸಾಹೇಬರು ಅದರ ಮೇಲೆ ಪೇಪರ್‌ವೇಟ್ ಇಟ್ಟರು.

ಮೂರು ತಿಂಗಳಾದ ಮೇಲೆ ಒಂದು ದಿನ, ಹನ್ನೊಂದು ಗಂಟೆಯ ಬಿಸಿಲಲ್ಲಿ, ಮೇಷ್ಟ್ರು ಅದೇ ಬೀದಿಯಲ್ಲಿದ್ದಾಗ ಸೈರನ್ ಕೂಗಿತು. ಸಿಲಿಂಡರ್ ಬದಲಿಸುವಾಗ ಸೋರಿಕೆ. ಗಾಳಿ ಬೀದಿಯ ಕಡೆಗೇ ಬೀಸುತ್ತಿತ್ತು. ಅದಾಗಲೇ ಮೂಗಿಗೆ ಘಾಟು ಬಡಿದಿತ್ತು. ಓಡಿ ಹೋಗುವಷ್ಟು ಸಮಯವಿರಲಿಲ್ಲ. ಕರವಸ್ತ್ರ ಒದ್ದೆ ಮಾಡಿ ಮೂಗಿಗೆ ಹಿಡಿದು ಬಾಗಿಲು ಬಾಗಿಲಿಗೆ ಬಡಿದರು. “ಹತ್ತಿ! ಮೇಲೆ ಹತ್ತಿ!” ಹಮಾಲರು ಅಭ್ಯಾಸದಲ್ಲಿ ಕಲಿತ ಹಾಗೆ ಇಬ್ಬಿಬ್ಬರಾಗಿ ಮನೆಗಳಿಗೆ ನುಗ್ಗಿದರು. ಗಡಿಯಾರದವನನ್ನು ಬೆನ್ನ ಮೇಲೆ, ಅಜ್ಜಿಯನ್ನು ಊಟದ ಕುರ್ಚಿಯಲ್ಲಿ. ಮೇಲಿನ ಮನೆಯವರು ಬಾಗಿಲು ತೆರೆದು ಒಳಗೆ ಕರೆದುಕೊಂಡು, ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದರು.

ಹನ್ನೊಂದೂ ಜನ ಮೇಲೆ ಮುಟ್ಟಿದ ಮೇಲೆ ಮೇಷ್ಟ್ರು ತಾವೂ ಮೆಟ್ಟಿಲಿಗೆ ಕಾಲಿಟ್ಟರು. ಎಂಟನೆಯ ಮೆಟ್ಟಿಲಿಗೇ ಉಸಿರು ಕಟ್ಟಿತು. ಗೋಡೆ ಹಿಡಿದು ಕೂತುಬಿಟ್ಟರು. ಕಣ್ಣು ಉರಿಯುತ್ತಿತ್ತು, ಎದೆಯೊಳಗೆ ಯಾರೋ ಹಗ್ಗ ಬಿಗಿದಂತಿತ್ತು. ಆಗ ಮೇಲಿಂದ ಬಗ್ಗಿ ನೋಡಿದವಳು ದರ್ಜಿ.

“ಅಯ್ಯೋ, ಮೇಷ್ಟ್ರು ಕೆಳಗೇ ಉಳಿದ್ರು! ಮೇಸ್ತ್ರಿ ಅಣ್ಣ, ಬೇಗ!”

ಮೇಸ್ತ್ರಿ ಎರಡೇ ನೆಗೆತಕ್ಕೆ ಇಳಿದು ಅವರನ್ನು ಹೆಗಲಿಗೆ ಹಾಕಿಕೊಂಡ. “ಎಲ್ಲರ ಹೆಸರೂ ಬರ್ಕೊಂಡ್ರಿ. ನಿಮ್ಮದು ಯಾರು ಬರೀಬೇಕಿತ್ತು?” ಎಂದು ಏದುಸಿರಿನಲ್ಲೇ ಗದರಿದ.

ಅಷ್ಟರಲ್ಲಿ ಘಟಕದೊಳಗೆ, ತರಗತಿಯಲ್ಲಿ ಸದಾ ತೂಕಡಿಸುತ್ತಿದ್ದವನೊಬ್ಬ ಮುಖವಾಡ ಹಾಕಿಕೊಂಡು ಹೋಗಿ ವಾಲ್ವ್ ಮುಚ್ಚಿದ್ದ. ನಲವತ್ತು ನಿಮಿಷಕ್ಕೆ ಗಾಳಿ ತಿಳಿಯಾಯಿತು. ಕೆಲವರಿಗೆ ಕೆಮ್ಮು, ಕಣ್ಣುರಿ, ಅಷ್ಟೇ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದವರು ಮೇಷ್ಟ್ರೊಬ್ಬರೇ. ಅಕ್ಕ ಪಕ್ಕದಲ್ಲಿ ಕೂತು ಬೈದಳು, ಮುಖ ತಿರುಗಿಸಿ ಅತ್ತಳು, ಮತ್ತೆ ಬೈದಳು.

ತಿರುಗಿ ಕೆಲಸಕ್ಕೆ ಹೋದಾಗ ಸಾಹೇಬರು ಕೈಕುಲುಕಿದರು. “ಯಾರಿಗೂ ಏನೂ ಆಗ್ಲಿಲ್ಲ ನೋಡಿ. ಇನ್ನು ಆ ಕುರ್ಚಿ ಗಿರ್ಚಿ ಅಷ್ಟು ಅರ್ಜೆಂಟ್ ಅಲ್ಲ, ಅಲ್ವಾ?”

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೆ ಬೇಕಾದಷ್ಟು ಉಸಿರೂ ಉಳಿದಿರಲಿಲ್ಲ. “ಇನ್ನೊಂದು ಅರ್ಜಿ ಬರ್ಕೊಡ್ತೀನಿ ಸಾರ್” ಅಂದರು, ಬರೆದೂ ಕೊಟ್ಟರು. ಉತ್ತರ ಬರಲಿಲ್ಲ. ಕೊನೆಗೆ ಮೇಸ್ತ್ರಿಯೇ ಬಡಗಿಯನ್ನು ಹಿಡಿದು ಹಳೆಯ ಕುರ್ಚಿಗಳಿಗೆ ಮರದ ಹಿಡಿಕೆ ಹಾಕಿಸಿದ.

ಆ ವರ್ಷದ ಕೊನೆಗೆ ದರ್ಜಿಯ ಅತ್ತೆ ವಯಸ್ಸಾಗಿ ತೀರಿಕೊಂಡರು. ಬಸುರಿ ಹೆತ್ತು ಮಗುವನ್ನೆತ್ತಿಕೊಂಡು ತಾನೇ ಮೆಟ್ಟಿಲು ಹತ್ತುವಂತಾದಳು. ಮೇಷ್ಟ್ರು ನೋಟ್‌ಬುಕ್ಕಿನ ಪಟ್ಟಿಯಲ್ಲಿ ಎರಡು ಹೆಸರು ಹೊಡೆದುಹಾಕಿದರು. ಅಷ್ಟರಲ್ಲಿ ಮೂಲೆ ಮನೆಗೆ ಕಾಲಿಲ್ಲದ ಡ್ರೈವರ್ ಒಬ್ಬ ಬಾಡಿಗೆಗೆ ಬಂದಿದ್ದ. ಚಪ್ಪಲಿ ಮೆಟ್ಟಿಕೊಂಡು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾ, ಅವನ ಬಾಗಿಲಿಗೆ ಹೊರಟರು.