ಬಣ್ಣದಕ್ಕನ ಬಾಳೆ ಬುಡ

ಬಣ್ಣದಕ್ಕನ ವಿಷಯ ಯಾರಾದ್ರೂ ಹೇಳಲೇಬೇಕು. ಅವರು ಹನ್ನೊಂದು ವರ್ಷ ಒಂದು ಕೆಲಸ ಮಾಡಿದ್ರು. ಕದ್ದುಮುಚ್ಚಿ ಅಲ್ಲ, ಎಲ್ಲರ ಕಣ್ಣೆದುರಿಗೇ. ಆದ್ರೂ ಏನು ಮಾಡ್ತಿದಾರೆ ಅಂತ ಒಬ್ಬರಿಗೂ ತಿಳೀಲಿಲ್ಲ. ಕೊನೆಗೆ ತಿಳಿದದ್ದು ನಾನು ಕಟ್ಟಿದ ದಾರದಿಂದ. ಅದಕ್ಕೆ ನಾನೇ ಹೇಳ್ತೀನಿ. ನಾನು ಗಾರೆ ಮೇಸ್ತ್ರಿ.

ಅಕ್ಕ ಮನೇಲಿ ಬಟ್ಟೆಗೆ ಬಣ್ಣ ಹಾಕ್ತಾರೆ. ಮಾಸಿದ ಪ್ಯಾಂಟು, ಬಿಸಿಲಿಗೆ ಬಿಳಚಿಕೊಂಡ ಪರದೆ, ದೊಡ್ಡವನಿಗೆ ಸಾಲದೆ ಚಿಕ್ಕವನಿಗೆ ಬಂದ ಯೂನಿಫಾರ್ಮು, ಎಲ್ಲ ಅವರ ಹತ್ರ ಬರುತ್ತೆ. ಮುಂದಿನ ಕೋಣೇಲಿ ಎರಡು ದೊಡ್ಡ ಹಂಡೆ, ಒಂದು ಸ್ಟೌವು, ಬಟ್ಟೆ ತಿರುವೋಕೆ ಒಂದು ದೊಣ್ಣೆ. ಗೋಡೆ ಯಾವ ಬಣ್ಣದ್ದು ಅಂತ ಈಗ ಯಾರೂ ಹೇಳೋ ಹಾಗಿಲ್ಲ. ಅವರ ಕೈ ಮೊಣಕೈ ತನಕ ಒಂದೊಂದು ವಾರ ಒಂದೊಂದು ಬಣ್ಣ. ನಾನು ಮೊದಲ ಸಲ ನೋಡಿದಾಗ ನೀಲಿ.

ಈ ಕೆಲಸಕ್ಕೆ ಬೇಕಾದ್ದು ನೀರು. ಬಣ್ಣ ಹಾಕೋಕೆ ಒಂದು ಹಂಡೆ ಸಾಕು, ಜಾಲಿಸೋಕೆ ಹತ್ತು ಬೇಕು. ಅಕ್ಕನ ಪಾಲಿಗೆ ನಲ್ಲಿ ಇರಲಿಲ್ಲ. ಬೀದಿ ತುದಿ ನಲ್ಲಿಯಿಂದ ದಿನಾ ಇಪ್ಪತ್ತು ಬಕೆಟ್ ಹೊತ್ತು ತರ್ತಿದ್ರು. ಎಡಭುಜ ಬಲಭುಜಕ್ಕಿಂತ ಕೆಳಗೆ ಇಳಿದುಹೋಗಿದೆ. ನೋಡಿದ್ರೆ ಗೊತ್ತಾಗುತ್ತೆ, ನಮಗೆ ಮಟ್ಟ ನೋಡಿ ಅಭ್ಯಾಸ.

ಅದು ಅವರಪ್ಪನ ಮನೆ. ಅಪ್ಪ ಹೋದಮೇಲೆ ಅಣ್ಣ ತಂಗಿ ಇಬ್ಬರಿಗೆ ಪಾಲು ಮಾಡೋಕೆ ಸೋದರಮಾವ ಬಂದ್ರಂತೆ. ಮನೆ ಪಾಲು ಸುಲಭ, ನಡುವೆ ಗೋಡೆ ಮೊದಲೇ ಇತ್ತು. ಹಿತ್ತಲಿಗೆ ಏನೂ ಇರಲಿಲ್ಲ. ಮಾವ ಟೇಪು ತಂದಿರಲಿಲ್ಲ, ಮೂರು ಗಂಟೆ ಬಸ್ಸಿಗೆ ಹೊರಡೋ ಗಡಿಬಿಡಿ ಬೇರೆ. ಹಿಂಬಾಗಿಲಲ್ಲಿ ನಿಂತು ನೋಡಿದ್ರು. ನಡುಗೋಡೆಗೆ ನೇರಕ್ಕೆ, ಹಿತ್ತಲ ಮಧ್ಯದಲ್ಲಿ, ಒಂದು ಬಾಳೆ ಗಿಡ ಕಾಣಿಸ್ತು. ಬರೆದೇಬಿಟ್ರು: ನಡುಗೋಡೆಯಿಂದ ಬಾಳೆ ಬುಡಕ್ಕೆ, ಅಲ್ಲಿಂದ ನೆಟ್ಟಗೆ ಹಿಂದಿನ ಕಾಂಪೌಂಡಿಗೆ ಗಡಿ. ಇಬ್ಬರೂ ಸೈನ್ ಹಾಕಿದ್ರು. ಮಾವ ಬಸ್ಸು ಹತ್ತಿದ್ರು.

ಹಿತ್ತಲಲ್ಲಿ ಇದ್ದದ್ದು ಒಂದೇ ನಲ್ಲಿ. ಬಾಳೆ ಬುಡದಿಂದ ಎಂಟು ಅಡಿ ಅಣ್ಣನ ಕಡೆಗೆ.

ಅಣ್ಣ ನೀರಿನ ಟ್ಯಾಂಕರ್ ಓಡಿಸ್ತಿದ್ರು. ಬೀದೀಲಿ ಎಲ್ಲರೂ ಟ್ಯಾಂಕರ್ ಅಣ್ಣ ಅಂತಲೇ ಕರೀತಾರೆ. ಪಾಲಾದ ಮಾರನೇ ದಿನ ತಂಗಿ ಕೇಳಿದ್ರಂತೆ, "ಅಣ್ಣ, ದಿನಾ ಒಂದಿಷ್ಟು ನೀರು ಹಿಡ್ಕೊಳ್ಲಾ?"

"ನಲ್ಲಿ ನನ್ನ ಪಾಲಿಗೆ ಬಂದಿದೆಯಲ್ಲಮ್ಮ."

"ನಲ್ಲಿ ನಿನ್ನದೇ. ನೀರು ಕೇಳ್ತಿದೀನಿ."

"ಇವತ್ತು ನೀರು ಅಂತೀಯ, ನಾಳೆ ಹಿತ್ತಲೆಲ್ಲ ಕೆಂಪು ನೀಲಿ ಮಾಡ್ತೀಯ. ಕಾಗದದಲ್ಲಿ ಏನಿದೆಯೋ ಹಾಗೆ ಇರೋಣ. ಆಮೇಲೆ ಮಾತು ಬರಬಾರದು."

ಅತ್ತಿಗೆ ಅಡುಗೆಮನೆಯಿಂದಲೇ ಅಂದ್ರಂತೆ, "ಊರಿಗೆಲ್ಲ ನೀರು ಕೊಡ್ತೀರಿ, ಒಡಹುಟ್ಟಿದವಳಿಗೆ ಒಂದು ಬಕೆಟ್ ಇಲ್ವಾ?"

"ಅದು ಕಂಪನಿ ನೀರು ಕಣೇ" ಅಂದ್ರು ಅಣ್ಣ.

ತಂಗಿ ಜಗಳ ಆಡಲಿಲ್ಲ. "ಸರಿ ಅಣ್ಣ, ಕಾಗದದಲ್ಲಿ ಇದ್ದ ಹಾಗೇ ಆಗಲಿ" ಅಂತ ಬಕೆಟ್ ಎತ್ತಿಕೊಂಡು ಬೀದಿ ಕಡೆ ಹೋದ್ರು.

ಬಾಳೆ ಬೆಳೆಸಿದೋರಿಗೆ ಒಂದು ವಿಷಯ ಗೊತ್ತು. ಒಂದು ಗಿಡ ಒಂದೇ ಗೊನೆ ಬಿಡೋದು. ಗೊನೆ ಇಳಿಸಿದ ಮೇಲೆ ಗಿಡ ಕಡೀಬೇಕು. ಅಷ್ಟೊತ್ತಿಗೆ ಸುತ್ತ ನಾಲ್ಕೈದು ಕಂದು, ಅಂದ್ರೆ ಮರಿ ಗಿಡ, ಎದ್ದಿರುತ್ತೆ. ಒಂದನ್ನ ಉಳಿಸಿ ಮಿಕ್ಕಿದ್ದು ಕೀಳಬೇಕು, ಇಲ್ಲಾಂದ್ರೆ ಎಲ್ಲ ಸೇರಿ ಬೆರಳಷ್ಟು ಕಾಯಿ ಬಿಡುತ್ತೆ. ಯಾವ ಕಡೆ ಕಂದು ಉಳಿಸ್ತೀರೋ, ಬುಡ ಆ ಕಡೆ ಒಂದೆರಡು ಗೇಣು ಸರೀತು ಅಂತ. ಹಳೇದು ಕೊಳೆತು ಮಣ್ಣಾಗುತ್ತೆ, ಗುರುತೂ ಸಿಗಲ್ಲ.

ಅಕ್ಕ ಪ್ರತಿ ಸಲ ತಮ್ಮ ಕಡೆ ಕಂದು ಕಿತ್ತು, ಅಣ್ಣನ ಕಡೇದು ಉಳಿಸಿದ್ರು. ಕೇಳಿಯೇ ಉಳಿಸಿದ್ರು, ಅದೇ ತಮಾಷೆ.

"ಅಣ್ಣ, ಈ ಸಲ ಒಳ್ಳೆ ಕಂದು ನಿನ್ನ ಕಡೆನೇ ಎದ್ದಿದೆ. ಬಿಡ್ಲಾ, ಕೀಳ್ಲಾ?"

"ಬಿಡು ಬಿಡು" ಅಂತಿದ್ರು ಅಣ್ಣ.

ತನ್ನ ಕಡೆ ಗಿಡ ಅಂದ್ರೆ ಗೊನೆನೂ ತನ್ನದು, ಅದು ಅವರ ಲೆಕ್ಕಾಚಾರ. ಪ್ರತಿ ಗೊನೆ ಅವರೇ ಇಳಿಸಿ, ಒಂದು ಚಿಪ್ಪು ತಂಗಿಗೆ ಕಳಿಸ್ತಿದ್ರು. ಅದೂ ಬುಡದ ಚಿಪ್ಪು ಅಲ್ಲ, ತುದೀದು. "ನಿನ್ನ ಕಡೆ ಯಾಕೋ ಬರಲ್ಲ ನೋಡು" ಅಂತ ಹಲ್ಲು ಕಿರಿಯೋರಂತೆ. "ನನ್ನ ಕಡೆ ನೀರಿಲ್ವಲ್ಲ ಅಣ್ಣ" ಅಂತಿದ್ರು ಅಕ್ಕ. ಆ ಮಾತು ಕೇಳಿ ಅಣ್ಣನಿಗೆ ಇನ್ನೂ ಹುರುಪು ಬಂತು. ನಲ್ಲಿ ಕೆಳಗಿಂದ ಬಾಳೆಗೆ ತಾವೇ ಒಂದು ಸಣ್ಣ ಕಾಲುವೆ ತೋಡಿದ್ರು. ನೀರು ಸಿಕ್ಕ ಕಡೆ ಕಂದು ಜೋರಾಗಿ ಏಳುತ್ತೆ. ಅಕ್ಕ ಬೂದಿ, ಸಿಪ್ಪೆ, ಹಳೇ ಎಲೆ ಎಲ್ಲ ಅದೇ ಕಡೆಗೆ ಸುರಿದ್ರು. ಬಣ್ಣದ ನೀರು ಮಾತ್ರ ಒಂದು ಹನಿ ಹಾಕಲಿಲ್ಲ. ನಮ್ಮ ತಂಗಿ ಎಷ್ಟು ಒಳ್ಳೇವಳು ಅಂತ ಅಣ್ಣ ಬೀದೀಲೆಲ್ಲ ಹೇಳಿಕೊಂಡು ಓಡಾಡಿದ್ರು.

ಒಂದು ವರ್ಷ ಮಾತ್ರ ಕೈಕೊಡ್ತು. ಕತ್ತಿ ಹಾಗೆ ಸಣ್ಣ ಎಲೆ ಇರೋ ಗಟ್ಟಿ ಕಂದು ಎದ್ದದ್ದು ಅಕ್ಕನ ಕಡೆಗೆ. ಅಣ್ಣನ ಕಡೆ ಎದ್ದದ್ದು ಅಗಲ ಎಲೆ ಮರಿ. ಅದು ನೋಡೋಕೆ ಚೆಂದ, ಒಳಗೆ ಸತ್ವ ಇಲ್ಲ. ಅಕ್ಕ ಎರಡು ದಿನ ಯೋಚನೆ ಮಾಡಿ ಗಟ್ಟಿ ಕಂದನ್ನೇ ಕಿತ್ರು. ಆ ಮರಿ ಗೊನೆ ಬಿಡೋಕೆ ಒಂದೂವರೆ ವರ್ಷ ತಗೊಂಡ್ತು. ಅಣ್ಣ ಮುಖ ಊದಿಸಿಕೊಂಡ್ರು. "ನಿನಗೆ ಕಂದು ಆರಿಸೋಕೆ ಬರಲ್ಲ" ಅಂತ ಬೈದ್ರಂತೆ. "ನೀನು ಆರಿಸಣ್ಣ" ಅಂದ್ರೆ, "ನನಗೆ ಸೊಂಟ ನೋವು" ಅಂದ್ರಂತೆ.

ಇದೆಲ್ಲ ನನಗೆ ಅಕ್ಕ ಆಮೇಲೆ ಹೇಳಿದ್ದು. ನಾನು ಬಂದದ್ದು ಒಂದು ಶರ್ಟಿನ ದೆಸೆಯಿಂದ.

ಅಕ್ಕ ಒಣಗೋಕೆ ಹಾಕಿದ್ದ ನೇರಳೆ ಪರದೆ ಗಾಳಿಗೆ ಹಾರಿ ಅಣ್ಣನ ಬಿಳಿ ಶರ್ಟಿನ ಮೇಲೆ ಬಿತ್ತು. ಅರ್ಧ ಶರ್ಟು ನೇರಳೆ ಆಯ್ತು. "ಉಳಿದ ಅರ್ಧಾನೂ ಮಾಡಿಕೊಡ್ಲಾ ಅಣ್ಣ, ಸುಮ್ಮನೆ ಮಾಡ್ತೀನಿ" ಅಂದ್ರಂತೆ ಅಕ್ಕ. ಅಣ್ಣ ಅವತ್ತೇ ನನ್ನ ಹತ್ರ ಬಂದ್ರು.

"ಮೇಸ್ತ್ರಿ, ಹಿತ್ತಲಿಗೆ ಗೋಡೆ ಬೇಕು. ನನ್ನ ತಲೆಗಿಂತ ಎತ್ತರ."

ನಾನು ಹೋದೆ. ಇಟ್ಟಿಗೆ, ಮರಳು ಬಂದು ಬಿದ್ದಿತ್ತು. ಹಿತ್ತಲಲ್ಲಿ ಬಾಳೆ ಎರಡಿತ್ತು. ಗೊನೆ ಬಿಟ್ಟ ದೊಡ್ಡ ಗಿಡ ಒಂದು, ನಲ್ಲಿಗೆ ಒಂದು ಗೇಣು ಈಚೆ, ಅಕ್ಕನ ಕಡೆಗೆ. ಅದರ ಕಂದು ಒಂದು, ಎದೆ ಎತ್ತರ, ನಲ್ಲಿ ದಾಟಿ ಒಂದು ಗೇಣು ಆಚೆ, ಅಣ್ಣನ ಕಡೆಗೆ. ಅಕ್ಕ ಹಿಂಬಾಗಿಲಲ್ಲಿ ನಿಂತಿದ್ರು. ನೀಲಿ ಕೈಯನ್ನ ಒಂದಕ್ಕೊಂದು ಉಜ್ಜಿಕೊಳ್ತಿದ್ರು. ದೊಡ್ಡ ಗಿಡ ಬುಡ ಅಂತ ಆದ್ರೆ ನಲ್ಲಿ ಅಣ್ಣನದು, ಎದುರಿಗೆ ಗೋಡೆ ಎದ್ದರೆ ಮುಗೀತು, ಹನ್ನೊಂದು ವರ್ಷ ಮಾಡಿದ್ದೆಲ್ಲ ಮಣ್ಣು. ಕಂದು ಬುಡ ಅಂತ ಆದ್ರೆ ನಲ್ಲಿ ಅವರದು. ಅವರ ಜೀವ ಆ ಎರಡು ಗೇಣಿನಲ್ಲಿ ಇತ್ತು. ನನಗೆ ಆಗ ಇದು ಯಾವುದೂ ಗೊತ್ತಿಲ್ಲ.

"ಗಡಿ ಎಲ್ಲಿ ಯಜಮಾನ್ರೇ?" ಅಂದೆ.

"ತಡೀರಿ, ಮೊದಲು ಗೊನೆ ಇಳಿಸ್ತೀನಿ. ನಿಮ್ಮ ಗಾರೆ ಸಿಡಿದು ಹಾಳಾಗುತ್ತೆ."

"ಗೊನೆ ಇನ್ನೂ ಹದಿನೈದು ದಿನ ಬಿಡ್ಬೇಕಿತ್ತಲ್ಲಣ್ಣ" ಅಂದ್ರು ಅಕ್ಕ. ಮೆಲ್ಲಗೆ ಅಂದ್ರು.

"ನೀನು ಸುಮ್ಮನಿರು, ನಿನಗೇನು ಗೊತ್ತು. ಗೋಡೆ ಎದ್ದಮೇಲೆ ಇದು ನಿನ್ನ ಕಡೆಗೆ ಬಾಗಿದ್ರೆ?"

ಅಣ್ಣ ಮಚ್ಚು ತಂದು ಗಿಡ ಕಡಿದ್ರು. ಅಕ್ಕ ಓಡಿ ಬಂದು, ಗೊನೆ ನೆಲಕ್ಕೆ ಬೀಳದ ಹಾಗೆ ಎರಡೂ ಕೈಲಿ ಹಿಡಿದ್ರು. ಅಣ್ಣನಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. "ನಲ್ಲಿ ಹತ್ರ ಕೊಳೆತು ನಾತ ಬರುತ್ತೆ" ಅಂತ ಗಡ್ಡೆನೂ ಅಗೆದು ತೆಗೆಸಿದ್ರು. ಗುದ್ದಲಿ ಹಿಡಿದದ್ದು ನಾನೇ. ಗುಂಡಿ ಮುಚ್ಚಿ ಕಾಲಲ್ಲಿ ತುಳಿದು ಮಟ್ಟ ಮಾಡಿದೆ.

ಆಮೇಲೆ ಅಣ್ಣ ಒಳಗಿಂದ ಕಾಗದ ತಂದ್ರು. ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದೋನು. ಎರಡು ಸಲ ಓದಿದೆ. ನಡುಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿದೆ. ಬಾಳೆ ಬುಡ ಹುಡುಕಿದೆ. ಇದ್ದದ್ದು ಕಂದು ಒಂದೇ. ಅದರ ಬುಡದಲ್ಲಿ ಗೂಟ ಹೊಡೆದು ದಾರ ಎಳೆದೆ. ಅಲ್ಲಿಂದ ನೆಟ್ಟಗೆ ಹಿಂದಿನ ಕಾಂಪೌಂಡಿಗೆ.

ದಾರ ನೋಡಿ ನನಗೇ ನಾಚಿಕೆ ಆಯ್ತು. ಇಷ್ಟು ವರ್ಷದಲ್ಲಿ ಇಂಥ ಸೊಟ್ಟ ದಾರ ಎಳೆದಿಲ್ಲ. ಮನೆಯಿಂದ ಹೊರಟದ್ದು ಓರೆಯಾಗಿ ಹೋಗಿ, ನಲ್ಲೀನ ಅಕ್ಕನ ಕಡೆಗೆ ಬಿಟ್ಟು, ಅದರಾಚೆ ಇದ್ದ ಅಣ್ಣನ ಪಪ್ಪಾಯ ಗಿಡಾನೂ ಅಕ್ಕನಿಗೇ ಬಿಟ್ಟು, ಅಣ್ಣನ ಸ್ಕೂಟರ್ ಶೆಡ್ಡಿನ ನಡುವೆ ತೂರಿಕೊಂಡು ಹೋಯ್ತು. ಸ್ಕೂಟರಿನ ಮುಂದಿನ ಚಕ್ರ ಅಕ್ಕನ ಪಾಲಿಗೆ, ಹಿಂದಿನದು ಅಣ್ಣನಿಗೆ.

"ಏನ್ರೀ ಮೇಸ್ತ್ರಿ ಇದು, ಕುಡಿದು ಬಂದಿದೀರಾ?"

"ಕಾಗದದಲ್ಲಿ ಹೀಗೇ ಇದೆ ಯಜಮಾನ್ರೇ."

"ಬಾಳೆ ಅಲ್ಲಿರಲಿಲ್ಲ, ಇಲ್ಲಿತ್ತು." ಅಣ್ಣ ಬಂದು ಹಿತ್ತಲ ಮಧ್ಯ ನಿಂತು ನೆಲ ನೋಡಿದ್ರು. ಹುಲ್ಲಿತ್ತು. ಅಗೆಸಿ ನೋಡಿದ್ರು. ಎರೆಹುಳ ಬಂತು.

"ಇಲ್ಲಿತ್ತು ಅಲ್ವೇನೇ? ನೀನೇ ಹೇಳು" ಅಂದ್ರು ತಂಗಿಗೆ.

"ಇತ್ತಣ್ಣ. ನಾನು ಇಲ್ಲ ಅಂದ್ನಾ?"

"ಮತ್ತೆ ಅಲ್ಲಿಗೆ ಹೆಂಗೆ ಹೋಯ್ತು?"

"ನಿನ್ನನ್ನ ಕೇಳಿಕೊಂಡೇ ಹೋಯ್ತು. ಪ್ರತಿ ಸಲ ಬಿಡು ಬಿಡು ಅಂದೆಯಲ್ಲ."

ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ರು. ನಗು ತಡೆಯೋಕೆ ಸೆರಗು ಬಾಯಿಗೆ ಹಿಡಿದಿದ್ರು. "ಅಷ್ಟು ಗೊನೆ ತಿಂದ್ರಲ್ಲ, ಗಿಡ ದೂರ ಹೋಗ್ತಿದೆ ಅಂತ ಒಂದು ಸಲನೂ ಅನಿಸಲಿಲ್ವಾ?" ಅಂದ್ರು.

"ದೂರ ಎಲ್ಲಿ ಹೋಯ್ತು? ನನ್ನ ಹತ್ರ ಬರ್ತಿತ್ತು" ಅಂದ್ರು ಅಣ್ಣ. ಪಾಪ, ಅದು ನಿಜ.

ಆಮೇಲೆ ಸಿಟ್ಟು ಬಂತು. ಮಚ್ಚು ತಗೊಂಡು ಕಂದು ಹತ್ರ ಹೋದ್ರು. "ಇದನ್ನೇ ಕಡಿದುಬಿಡ್ತೀನಿ."

"ಕಡಿ" ಅಂದ್ರು ಅಕ್ಕ. "ಬಾಳೆನೇ ಇಲ್ಲ ಅಂದ್ರೆ ಗಡಿನೂ ಇಲ್ಲ. ಹಿತ್ತಲು ಮೊದಲಿನ ಹಾಗೆ ಒಂದೇ. ನಾನು ಎಲ್ಲಿ ಬೇಕಾದ್ರೂ ಬಟ್ಟೆ ಒಣಗಿಸ್ಬಹುದು."

ಮಚ್ಚು ಕೆಳಗಿಳೀತು. ಅಣ್ಣ ಇಟ್ಟಿಗೆ ಮೇಲೆ ಕೂತ್ರು. ಕಾಗದ ತಿರುಗಿಸಿ ಮುರುಗಿಸಿ ನೋಡಿದ್ರು, ಹಿಂದೆ ಏನಾದ್ರೂ ಬರೆದಿದೆಯಾ ಅಂತ. "ಮೇಸ್ತ್ರಿ, ನೀವು ಹೇಳಿ" ಅಂದ್ರು.

"ಈ ದಾರದ ಮೇಲೆ ಕಟ್ಟು ಅಂದ್ರೆ ಕಟ್ತೀನಿ. ಆದ್ರೆ ಸ್ಕೂಟರ್ ತೆಗೀಬೇಕು" ಅಂದೆ.

ಅಕ್ಕ ಬಂದು ಅಣ್ಣನ ಎದುರಿಗೆ ಕುಕ್ಕರಗಾಲಲ್ಲಿ ಕೂತ್ರು. "ನನಗೆ ನಿನ್ನ ಶೆಡ್ಡೂ ಬೇಡ, ಪಪ್ಪಾಯನೂ ಬೇಡ. ನಲ್ಲಿ ಸಾಕು. ನೀರು ನೀನೂ ಹಿಡ್ಕೋ, ಯಾವತ್ತೂ ಬೇಡ ಅನ್ನಲ್ಲ. ಒಂದೇ ಮಾತು. ಕೇಳಿ ಹಿಡ್ಕೋ."

ಗೋಡೆ ಏಳಲಿಲ್ಲ. ಆ ಇಟ್ಟಿಗೇಲಿ ನಲ್ಲಿ ಸುತ್ತ ಬಟ್ಟೆ ಜಾಲಿಸೋಕೆ ಒಂದು ಕಟ್ಟೆ ಕಟ್ಟಿದೆ, ಎರಡು ದಿನದ ಕೆಲಸ. ಇಟ್ಟಿಗೆ ಯಾರದು ಅಂತ ಅಣ್ಣ ಒಂದು ಸಲ ಶುರುಮಾಡಿದ್ರು, ಅತ್ತಿಗೆ ಕಣ್ಣು ಬಿಟ್ಟ ಮೇಲೆ ನಿಲ್ಲಿಸಿದ್ರು.

ಎರಡನೇ ದಿನ ಬೆಳಿಗ್ಗೆ ನಾನು ಕಟ್ಟೆಗೆ ಗಿಲಾವು ಮಾಡ್ತಿದ್ದೆ. ಅಣ್ಣ ಬಕೆಟ್ ಹಿಡ್ಕೊಂಡು ಬಂದ್ರು. ಅಕ್ಕ ನಲ್ಲಿ ಹತ್ರ ಶರ್ಟು ಜಾಲಿಸ್ತಿದ್ರು. ಅಣ್ಣ ಕೆಮ್ಮಿದ್ರು. ಅಕ್ಕ ತಿರುಗಲಿಲ್ಲ. ಇನ್ನೊಂದು ಸಲ ಕೆಮ್ಮಿದ್ರು.

"ಕೆಮ್ಮಿಗೆ ಔಷಧಿ ಅಂಗಡೀಲಿ ಸಿಗುತ್ತಣ್ಣ" ಅಂದ್ರು ಅಕ್ಕ.

ಅಣ್ಣ ನನ್ನ ಕಡೆ ನೋಡಿದ್ರು. ನಾನು ಕೈಲಿದ್ದ ಕರಣೆ ನೋಡ್ಕೊಂಡೆ.

"ನೀರು ಬೇಕಿತ್ತು."

"ಎಷ್ಟು?"

"ಒಂದು ಬಕೆಟ್."

ಅಕ್ಕ ಎದ್ದು, ಬಕೆಟ್ ಇಸ್ಕೊಂಡು, ತಾವೇ ತುಂಬಿಸಿ, ಹಿಂಬಾಗಿಲ ತನಕ ಹೊತ್ತು ಕೊಟ್ಟು ಬಂದ್ರು. ಅಣ್ಣನಿಗೆ ಸೊಂಟ ನೋವು ಅಲ್ವಾ.

ಬುಡಾನ ವಾಪಸ್ಸು ನಡೆಸ್ತೀನಿ ಅಂತ ಅಣ್ಣ ಈಗ ಹಟ ಹಿಡಿದಿದಾರೆ. ಅದಕ್ಕೆ ತಂಗಿ ಕಡೆ ಕಂದು ಉಳಿಸ್ಬೇಕು, ಗೊನೆ ತಂಗಿಗೆ ಬಿಡ್ಬೇಕು. ಇದು ಅವರಿಗೆ ಈಚೆಗೆ ಹೊಳೆದಿದೆ. ತುಂಬ ಯೋಚನೇಲಿದಾರೆ.

ನೀವು ಒಂದು ಸಲ ಹೋಗಿ ಬನ್ನಿ. ಮನೆ ಹುಡುಕೋದು ಕಷ್ಟ ಇಲ್ಲ, ಚರಂಡೀಲಿ ಬಣ್ಣದ ನೀರು ಹರೀತಿರುತ್ತೆ, ಅದರ ಎದುರುಮುಖವಾಗಿ ನಡೀರಿ. ಬಿಳಚಿಕೊಂಡ ಬಟ್ಟೆ ಏನಾದ್ರೂ ಇದ್ರೆ ತಗೊಂಡು ಹೋಗಿ, ಬರಿಗೈಲಿ ಹೋದ್ರೆ ಅವರಿಗೆ ಮಾತಾಡೋಕೆ ಪುರುಸೊತ್ತು ಇರಲ್ಲ. ಅಕ್ಕ ಟೀ ಕೊಡ್ತಾರೆ, ಲೋಟದ ಮೇಲೆ ಬೆರಳ ಗುರುತು ಇರುತ್ತೆ, ತೊಂದರೆ ಇಲ್ಲ, ಕುಡೀರಿ. ಆದಷ್ಟು ಬೆಳಿಗ್ಗೆ ಹೋಗಿ. ಆಗ ಅಣ್ಣನೂ ಬಕೆಟ್ ಹಿಡ್ಕೊಂಡು ಸಿಗ್ತಾರೆ.