ವಾಡಿ ಸೋವಿ ಊರು

ಈಗಿರುವ ಚಿಂಚೋಳಿಯಲ್ಲಿದ್ದರೂ ನಡೆಯುತ್ತದೆ, ವಾಡಿಯಲ್ಲಿದ್ದರೂ ನಡೆಯುತ್ತದೆ ಎಂದು ನಮ್ಮವರ ಕಂಪನಿ ಹೇಳಿದ್ದೇ ತಡ, ಅವರು ಮೊಬೈಲ್ ಹಿಡಿದು ಲೆಕ್ಕಕ್ಕೆ ಕೂತರು. ಬಾಡಿಗೆ, ಹಾಲು, ಕಾಯಿಪಲ್ಲೆ, ಕೂಸಿನ ಡಾಕ್ಟರು. ಎಲ್ಲದರಲ್ಲೂ ವಾಡಿಯೇ ಅಗ್ಗ.

"ಉಳಿದದ್ದು ನಿನ್ನ ಬಿ.ಎಡ್. ಫೀಸಿಗಿ," ಎಂದರು. ಮದುವೆಯಾದಾಗಿನಿಂದ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ, ಟೀಚರ್ ಆಗಬೇಕೆಂದು. ಸಾಮಾನೆಲ್ಲ ನಾನೇ ಕಟ್ಟಿದೆ. ಕೂಸನ್ನೆತ್ತಿಕೊಂಡು ಲಾರಿ ಬರುವ ಮೊದಲೇ ಹೊರಗೆ ನಿಂತೆ.

ಲೆಕ್ಕದಲ್ಲಿ ಬೀಗರು ಬಿಜ್ಜರು ಬಿಟ್ಟುಹೋಗಿದ್ದರು. ಚಿಂಚೋಳಿಗೆ ರೈಲಿಲ್ಲ. ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಬಂದು ನೋಡುವಷ್ಟು ಪ್ರೀತಿ ನಮ್ಮ ಮೇಲೆ ಯಾರಿಗೂ ಇರಲಿಲ್ಲ. ವಾಡಿ ಜಂಕ್ಷನ್. ಸೊಲ್ಲಾಪುರಕ್ಕೆ ಹೋಗುವವರೂ ಇಲ್ಲೇ ಇಳಿದರು, ಹೈದರಾಬಾದಿಗೆ ಹೋಗುವವರೂ ಇಲ್ಲೇ ಇಳಿದರು. ನಮ್ಮ ಮನೆ ಸ್ಟೇಷನ್ನಿನ ಹಿಂದೆಯೇ.

"ಮುಂದಿನ ಗಾಡಿಗಿ ಇನ್ನಾ ಭಾಳ ಹೊತ್ತದ. ನೀವ್ ಅದೀರಲ್ಲ ಅಂತ ಬಂದ್ವಿ."

ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ರೊಟ್ಟಿ ಬಡಿದೂ ಬಡಿದೂ ರಟ್ಟೆ ಬಿದ್ದುಹೋಯಿತು. ಉಳಿತಾಯವಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ನಮ್ಮವರ ಕಾಕಾ. ದೊಡ್ಡ ಮನೆ ಕಲಬುರಗಿಯಲ್ಲಿ, ಕಲ್ಲಿನ ಗಣಿ ಇಲ್ಲೇ ಪಕ್ಕದ ರಾವೂರಿನಲ್ಲಿ. ಗಣಿ ನೋಡಲು ಬಂದಾಗಲೆಲ್ಲ ನಮ್ಮಲ್ಲಿ ಉಂಡು, ಒಂದು ನಿದ್ದೆ ಮಾಡಿ, ಚಹಾ ಕುಡಿದು ಸಂಜೆ ಗಾಡಿ ಹತ್ತುತ್ತಿದ್ದರು. ಕೂಸಿಗೊಂದು ಬಿಸ್ಕಿಟ್ ಪುಡಿಕೆ ತಂದವರಲ್ಲ.

ಕೊನೆಗೂ ಕಲಬುರಗಿಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಫೀಸು ಕಟ್ಟಲು ವಾರ ಮಾತ್ರ ಉಳಿದಿತ್ತು, ಕೈಯಲ್ಲಿ ಏನೂ ಇರಲಿಲ್ಲ. "ಮುಂದಿನ ವರ್ಷ ನೋಡೋಣ," ಎಂದರು ನಮ್ಮವರು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಕಾಕಾರ ಕೆಮ್ಮು ಕೇಳಿತು.

ಉಣ್ಣುತ್ತ ಅವರು ಹೇಳಿದರು, "ಏನೇ ಅನ್ನು ಯವ್ವ, ವಾಡಿಯಂಥಾ ಸೋವಿ ಊರಿಲ್ಲ. ಇಲ್ಲಿಗಿ ಬಂದ್ರ ನನಗ ಒಂದ್ ರೂಪಾಯಿ ಖರ್ಚಾಗಲ್ಲ."

ಮೈಯೆಲ್ಲ ಉರಿಯಿತು. ನಗುನಗುತ್ತಲೇ ಪಲ್ಯ ಬಡಿಸಿದೆ.

"ನಾನೂ ಹಂಗೇ ವಿಚಾರ ಮಾಡ್ಲಿಕತ್ತೀನ್ರಿ ಕಾಕಾರ. ನನಗ ಕಲಬುರಗಿನೇ ಸೋವಿ. ಈ ಮನಿ ಬಿಟ್ರ ಬಾಡಿಗಿ ಉಳೀತದ, ಅದು ಫೀಸಿಗಾಗ್ತದ. ಎರಡ್ ವರ್ಷ ನಿಮ್ಮ ಮನ್ಯಾಗೇ ಇದ್ದುಬಿಡ್ತೀವ್ರಿ, ಇವರು, ನಾನು, ಕೂಸು. ಹಬ್ಬ ಹುಣ್ಣಿಮಿಗಿ ನಮ್ಮವ್ವ ಅಪ್ಪನೂ ಬಂದು ಹೋಗ್ತಾರ."

ಕಾಕಾರ ತುತ್ತು ಕೈಯಲ್ಲೇ ಉಳಿಯಿತು. ಗಣಿ ನಡೆಸುವವರು, ಲೆಕ್ಕ ಅವರಿಗೂ ಬರುತ್ತದೆ. ಒಂದು ತಂಬಿಗೆ ನೀರು ಕುಡಿದು, ನಮ್ಮವರ ಮುಖ ನೋಡಿ, ನನ್ನ ಕಡೆ ತಿರುಗಿದರು.

"ಮನಿ ಯಾಕ ಬಿಡ್ತಿ ಯವ್ವ? ಇಲ್ಲಿಂದ ಬೇಕಾದಷ್ಟು ಗಾಡಿ ಅವ, ಹೋಗಿ ಬಂದು ಓದು. ಫೀಸು ನಾ ಕಟ್ತೀನಿ."

ಮರುದಿನವೇ ಕಟ್ಟಿದರು.