ಮುತ್ತಜ್ಜನಿಗೆ ಅಂಟಿಸಿದ ಹೆಸರು

ಕೊಲ್ಲಿ ನಾಡಿನ ಅಲ್ ಖೋರ್ ಪಟ್ಟಣದ ವೆಲ್ಡರ್ ಮುರಾದ್ ಆಸ್ಪತ್ರೆಗೆ ಹೋದರೆ ಕೂರುವವನೇ ಅಲ್ಲ. ಕೌಂಟರಿಗೆ ಒತ್ತಿ ನಿಂತು, 'ಮುರಾದ್' ಎಂದು ಕರೆಯುವಷ್ಟರಲ್ಲಿ, ಮನೆತನದ ಹೆಸರು ಬರುವ ಮೊದಲೇ, "ನಾನೇ" ಎಂದುಬಿಡುವನು. ಅಲ್ಜೀರಿಯಾದಲ್ಲಿ ಫ್ರೆಂಚರ ಕಾಲದ ಗುಮಾಸ್ತನೊಬ್ಬ ಅವನ ಮುತ್ತಜ್ಜನಿಗೆ ಬರೆದುಕೊಟ್ಟ ಆ ಹೆಸರಿಗೆ ಅರಬ್ಬಿಯಲ್ಲಿ 'ನಾಯಿತಲೆ' ಎಂದು ಅರ್ಥ.

"ಪೇಪರಿನಲ್ಲಿ ಜಾಹೀರಾತು ಕೊಟ್ಟು ಬದಲಾಯಿಸಿ ಮಾರಾಯ್ರೆ, ಖಲಾಸ್!" ಎಂದರು ಪಕ್ಕದ ಮನೆಯ ಉಡುಪಿಯ ಬ್ರಿಜಿಟ್.

"ಊರಿನ ಕಚೇರಿಗೆ ಮೂರು ಅರ್ಜಿ ಕಳಿಸಿದೆ ಅಕ್ಕಾ, ಉತ್ತರವೇ ಇಲ್ಲ. ಮಗಳಿಗಾದರೂ ಇದು ತಪ್ಪಬೇಕಿತ್ತು."

ಆವತ್ತು ಮಗಳಿಗೆ ಒಂದು ವರ್ಷದ ಚುಚ್ಚುಮದ್ದು. ಮೂಲೆಯ ಬೆಂಚಿನಲ್ಲಿ ಅವಳ ಡೈಪರ್ ಬದಲಾಯಿಸುತ್ತಿದ್ದ ಮುರಾದ್ ಓಡಿಬರುವ ಮೊದಲೇ ನರ್ಸ್ ಮಗುವಿನ ಪೂರ್ತಿ ಹೆಸರು ಕೂಗಿದಳು. ಕಾದಿದ್ದ ಅರಬ್ಬರೆಲ್ಲ ಗೊಳ್ಳೆಂದು ನಕ್ಕರು.

ಎಲ್ಲರೂ ನಗುವುದನ್ನು ಕಂಡು ಮಗುವೂ ಕೈತಟ್ಟಿ ನಕ್ಕಿತು.